ಬೆರಳು ಬಿಡಿಸು ಎಂದವನು ನಾನು

ಇದನ್ನು ಹೇಳುವುದನ್ನು ಒಂಬತ್ತು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು, ಕೆಲಸದಿಂದ ನಿವೃತ್ತನಾಗಲಿ ಎಂದುಕೊಂಡೆ. ನಿವೃತ್ತನಾದ ಮೇಲೆ ಮಗಳ ಮದುವೆ ಮುಗಿಯಲಿ ಎಂದೆ. ಹೋದ ವರ್ಷ ಲಕ್ವ ಹೊಡೆದು ಬಲಗೈ ಸೋತಿತು. ಇನ್ನು ಬರೆಯುವುದಾದರೂ ಹೇಗೆ ಎಂಬ ಒಳ್ಳೆಯ ನೆಪ ಸಿಕ್ಕಿತು. ಈಗ ನನ್ನ ಕೈ ನೋಡುತ್ತಿರುವ ಥೆರಪಿಸ್ಟ್ ಹುಡುಗಿ ಆ ನೆಪವನ್ನೂ ಕಿತ್ತುಕೊಂಡಿದ್ದಾಳೆ. ಕೈ ತಿರುಗಬೇಕಾದರೆ ದಿನಕ್ಕೆ ಹತ್ತು ಸಾಲು ಬರೆಯಲೇಬೇಕಂತೆ.

"ಏನ್ ಬರೀಲೆವ್ವಾ?" ಎಂದು ಕೇಳಿದೆ.

"ಏನರ ಬರೀರಿ ಅಜ್ಜಾರ. ನಿಮ್ಮ ಸರ್ವಿಸ್‌ನ್ಯಾಗ ಆಗಿದ್ದು ಬರೀರಿ," ಎಂದಳು.

ಅವಳು ನನ್ನ ಮುಂದೆ ಇಟ್ಟ ಮರದ ಗೂಟಗಳ ಹಲಗೆಯನ್ನು ಸರ್ವಿಸ್‌ನಲ್ಲಿದ್ದಾಗ ಮಾಡಿದವನು ನಾನೇ ಎಂಬುದು ಅವಳಿಗೆ ಗೊತ್ತಿಲ್ಲ. ಒಂದು ಗೂಟ ಎತ್ತಿ ತೂತಿಗೆ ಇಡಲು ನನಗೆ ಐದು ನಿಮಿಷ ಹಿಡಿಯುತ್ತದೆ.

ನಾನು ಕಿನ್ನಾಳದವನು, ಗೊಂಬೆ ಮಾಡುವ ಮನೆತನದವನು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ಕೈಗಳಿಗೆ ಚಿಕಿತ್ಸೆ ಕೊಡುವ ಕೋಣೆಯಲ್ಲಿ ಸಹಾಯಕನಾಗಿದ್ದೆ. ಆಸ್ಪತ್ರೆಯ ಹೆಸರು ಬೇಡ, ತಪ್ಪು ಅದರದ್ದಲ್ಲ. ಆ ಕೋಣೆಯ ಯಜಮಾನಿ ಹಿರಿಯ ಆಕ್ಯುಪೇಷನಲ್ ಥೆರಪಿಸ್ಟ್. ಜನರ ಬಾಯಲ್ಲಿ ಅವರು 'ಕೈ ಮೇಡಂ'. ದಕ್ಷಿಣದ ಕಡೆಯವರು. ನಮ್ಮ ಮಾತು ಅವರಿಗೆ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ.

ಕೊಯ್ದು ಹೊಲಿಯುವ ಡಾಕ್ಟರು ಬೇರೆ. ಹೊಲಿದ ಕೈಯನ್ನು, ಸುಟ್ಟ ಕೈಯನ್ನು, ಸೋತ ಕೈಯನ್ನು ಮತ್ತೆ ಮನೆಯ ಕೆಲಸಕ್ಕೆ ತರುವುದು ಮೇಡಂ ಕೆಲಸ. ಯಾರೇ ಬರಲಿ, ಅವರು ಮೊದಲು ನೋವಿನ ಮಾತು ಎತ್ತುತ್ತಿರಲಿಲ್ಲ. "ಈ ಕೈ ಮನೆಯಲ್ಲಿ ಏನೇನು ಮಾಡುತ್ತದೆ?" ಎಂದು ಕೇಳುತ್ತಿದ್ದರು. ರೊಟ್ಟಿ ಬಡಿಯುವವಳಿಗೆ ಒಂದು ಬಗೆ, ಟ್ರ್ಯಾಕ್ಟರ್ ಓಡಿಸುವವನಿಗೆ ಇನ್ನೊಂದು ಬಗೆ. ಉತ್ತರ ಸಿಗುವ ತನಕ ಕೈ ಮುಟ್ಟುತ್ತಿರಲಿಲ್ಲ.

ಸ್ಪ್ಲಿಂಟ್ ಎಂಬುದು ಕೈಯನ್ನು ಒಂದು ಭಂಗಿಯಲ್ಲಿ ಹಿಡಿದು ನಿಲ್ಲಿಸುವ ಆಸರೆ. ಅದಕ್ಕೆ ಬೇಕಾದ ಪ್ಲಾಸ್ಟಿಕ್ ಹಾಳೆಯನ್ನು ಅಳತೆಗೆ ಕತ್ತರಿಸುವುದು, ಅಗಲ ಪಾತ್ರೆಯ ಬಿಸಿನೀರಿನಲ್ಲಿ ಮೆತ್ತಗೆ ಮಾಡುವುದು, ಅಂಚು ನಯ ಮಾಡುವುದು, ಪಟ್ಟಿ ಹೊಲಿಯುವುದು ನನ್ನ ಕೆಲಸ. ಅಕ್ಷರ ಚೆನ್ನಾಗಿದ್ದುದರಿಂದ ರೋಗಿಗಳ ಕಾರ್ಡಿನಲ್ಲಿ ಮುಂದಿನ ತಾರೀಖು ಬರೆಯುವುದೂ ನನ್ನದೇ. ಮೇಡಂ ಹಾಕಿದ್ದ ಕಟ್ಟಳೆ ಒಂದೇ. "ಬಿಸಿ ಮಾಡುವುದು ನೀವು ಮೇಸ್ತ್ರೀ, ಬಾಗಿಸುವುದು ನಾನು." ಹತ್ತು ವರ್ಷ ಅವರ ಕೈಯನ್ನೇ ನೋಡಿ ನೋಡಿ, ಬಾಗಿಸುವುದೂ ನನಗೆ ಬರುತ್ತದೆ ಎಂಬ ಜಂಬ ಒಳಗೊಳಗೇ ಬೆಳೆದಿತ್ತು.

ಆಕೆ ಬಂದದ್ದು ಕುಷ್ಟಗಿ ಕಡೆಯ ಒಂದು ಹಳ್ಳಿಯಿಂದ. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮೇವು ಕೊಯ್ಯುವಾಗ ಕುಡಗೋಲು ಜಾರಿ ಎಡಗೈ ನಡುಬೆರಳು, ಉಂಗುರಬೆರಳುಗಳ ಬುಡ ಸೀಳಿತ್ತು. ಬೆರಳನ್ನು ಮಡಚುವ ಹುರಿಗಳಿರುತ್ತವೆ, ಡಾಕ್ಟರುಗಳು ಅವಕ್ಕೆ ಟೆಂಡನ್ ಎನ್ನುತ್ತಾರೆ. ಅವೆರಡೂ ಹರಿದಿದ್ದವು. ಡಾಕ್ಟರು ಹೊಲಿದು ಮೂರನೇ ದಿನಕ್ಕೆ ನಮ್ಮ ಕೋಣೆಗೆ ಕಳಿಸಿದರು. ಜೊತೆಗೆ ಅತ್ತೆ ಬಂದಿದ್ದಳು.

"ಈ ಕೈ ಮನೆಯಲ್ಲಿ ಏನು ಮಾಡುತ್ತದೆ?"

"ಎಮ್ಮಿ ಹಿಂಡತೈತ್ರಿ," ಎಂದಳು ಆಕೆ. "ಮೂರ ಎಮ್ಮಿ ಅದಾವ. ಎರಡೂ ಕೈಲೆ ಹಿಂಡತೀನ್ರಿ."

ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಇವಳು, ಅತ್ತೆ, ಶಾಲೆಗೆ ಹೋಗುವ ಮಗಳು. ಹಾಲು ಡೇರಿಗೆ ಹೋದರೆ ಮನೆ ನಡೆಯುತ್ತದೆ, ಅಷ್ಟೇ ಲೆಕ್ಕ. ಮೇಡಂ ಕೇಸ್ ಶೀಟಿನಲ್ಲಿ ಗುರಿ ಎಂಬ ಕಡೆ 'ಎರಡು ಕೈಯಿಂದ ಹಾಲು ಕರೆಯುವುದು' ಎಂದು ಬರೆದರು.

ಸ್ಪ್ಲಿಂಟನ್ನು ಕೈಯ ಹಿಂಬದಿಗೆ ಕೂರಿಸಿದೆವು. ಹೊಸದಾಗಿ ಹೊಲಿದ ಹುರಿಯ ಮೇಲೆ ಎಳೆತ ಬೀಳಬಾರದು. ಅದಕ್ಕೆ ಮಣಿಕಟ್ಟು ಅಂಗೈ ಕಡೆಗೆ ತುಸು ಬಾಗಿರಬೇಕು, ಬೆರಳುಗಳು ಬುಡದಲ್ಲಿ ಚೆನ್ನಾಗಿ ಮಡಚಿರಬೇಕು. ಹಗಲೂ ರಾತ್ರಿ ಆರು ವಾರ ಬಿಚ್ಚುವಂತಿಲ್ಲ. ಅದರೊಳಗೇ ಇನ್ನೊಂದು ಕೈಯಿಂದ ಬೆರಳನ್ನು ಮೆಲ್ಲಗೆ ಮಡಚಿ ಬಿಡಬೇಕು. ಹೊಲಿಗೆ ಮಾಗುವ ತನಕ ಆ ಹುರಿಗೆ ದಾರದಷ್ಟೂ ಬಲ ಇರುವುದಿಲ್ಲ ಎಂದು ಮೇಡಂ ಮೂರು ಸಲ ಹೇಳಿದರು.

ಅತ್ತೆ ಸುಮ್ಮನಿರುವವಳಲ್ಲ. "ಇದೇನ್ರಿ ಮೇಡಮ್ಮಾರ, ಕೈಗೆ ನಾಗಪ್ಪನ ಹೆಡಿ ಕಟ್ಟೀರಿ! ಎಮ್ಮಿ ನೋಡಿದ್ರ ಹಗ್ಗ ಹರಕೊಂಡು ಓಡತಾವ."

ಮೇಡಂ ನಕ್ಕರು. "ಆರು ವಾರ ಅವಳು ಎಮ್ಮೆ ಹತ್ತಿರ ಹೋಗುವುದೇ ಬೇಡ. ಯಾರು ಹಿಂಡುತ್ತೀರಿ?"

"ಯಾಕ, ನಾ ಸತ್ತೀನೇನ್ರಿ? ನಾ ಹಿಂಡತೀನಿ."

ಮೇಡಂ ಆ ಮುದುಕಿಯ ಕೈಗಳನ್ನೂ ಹಿಡಿದು ನೋಡಿದರು. ಗೆಣ್ಣು ಗೆಣ್ಣೂ ವಾತದಿಂದ ಗಂಟು ಕಟ್ಟಿತ್ತು. ಹಿಂಡುವ ಮೊದಲು ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟುಕೊಳ್ಳಬೇಕೆಂದು ಹೇಳಿಕೊಟ್ಟರು. ಚೀಟಿ ಇಲ್ಲದೆ, ಹೆಸರು ಬರೆಸದೆ, ಇನ್ನೊಬ್ಬ ರೋಗಿಗೂ ಚಿಕಿತ್ಸೆ ಆಯಿತು. ಮೇಡಂ ಅಂಥವರು.

ಎರಡನೇ ವಾರ ಅವರು ನನ್ನನ್ನು ಕರೆದು, "ಮೇಸ್ತ್ರೀ, ಒಂದು ಕೆಚ್ಚಲು ಮಾಡಿಕೊಡಿ," ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ರಬ್ಬರ್ ಕೈಗವಸಿಗೆ ನೀರು ತುಂಬಿ, ಬೆರಳ ತುದಿಗೆ ಸೂಜಿಯಿಂದ ಚುಚ್ಚಿ, ಎಮ್ಮೆಯ ಕೆಚ್ಚಲಿನಷ್ಟೇ ಎತ್ತರದಲ್ಲಿ ತೂಗಬಿಡಬೇಕು. ಎಂಟನೇ ವಾರದಿಂದ ಆಕೆ ಕುಕ್ಕರುಗಾಲಲ್ಲಿ ಕೂತು ಅದನ್ನು ಹಿಂಡಿ ಕೈ ಪಳಗಿಸಿಕೊಳ್ಳಬೇಕು. ನಾನು ನಾಲ್ಕು ಕಾಲಿನ ಗಟ್ಟಿ ಚೌಕಟ್ಟು ಮಾಡಿ ನಿಲ್ಲಿಸಿದೆ. ಆಕೆ ಅದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಕಾಕಾ, ಒಂದು ಬಾಲಾನೂ ಇಡ್ರಿ. ಇಲ್ಲಂದ್ರ ಎಮ್ಮಿ ಅಂತ ಹೆಂಗ ನಂಬಲಿ?"

ಸೆಣಬಿನ ಹುರಿಯ ಬಾಲ ಕಟ್ಟಿದೆ. ಅವಳ ಮಗಳಿಗೆಂದು ಒಂದು ಗಿಣಿ ಗೊಂಬೆಯನ್ನೂ ಮಾಡಿಕೊಟ್ಟೆ. ಅಲ್ಲಿಂದ ನಾನು ಅವಳಿಗೆ ಬರೀ ಮೇಸ್ತ್ರಿಯಾಗಿ ಉಳಿಯಲಿಲ್ಲ.

ನಾಲ್ಕನೇ ವಾರದ ಒಂದು ಗುರುವಾರ. ಮೇಡಂ ಯಲಬುರ್ಗಾದಲ್ಲಿ ಅಂಗವಿಕಲರ ಶಿಬಿರಕ್ಕೆ ಹೋಗಿದ್ದರು, ಬರುವುದು ಮರುದಿನ. ಮಧ್ಯಾಹ್ನ ಅತ್ತೆ ಸೊಸೆ ಬಂದರು. ಮಣಿಕಟ್ಟಿನ ಕಿರುಬೆರಳ ಕಡೆಯ ಎಲುಬಿಗೆ ಸ್ಪ್ಲಿಂಟ್ ಒತ್ತಿ ಕೆಂಪಗೆ ಹುಣ್ಣಾಗುವಂತಿತ್ತು. ಎರಡು ದಿನದಿಂದ ನಿದ್ದೆ ಇಲ್ಲವೆಂದಳು. ಇಂಥದ್ದಕ್ಕೆ ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಫೋನ್ ಮಾಡಬೇಕು, ಒತ್ತುವ ಕಡೆ ಗುರುತು ಹಾಕಬೇಕು, ಅಂಚಿಗೆ ಮೆತ್ತನೆಯ ಪಟ್ಟಿ ಅಂಟಿಸಿ ಕಳಿಸಬೇಕು. ಬಿಚ್ಚಬಾರದು.

"ನಾಳೆ ಬರ್ರಿ, ಮೇಡಂ ಇರ್ತಾರ," ಎಂದೆ.

ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮತ್ತ ಎರಡ ಬಸ್ ಬದಲಿ ಮಾಡಿ ಬರೂಣೇನು? ಹತ್ತ ವರ್ಷ ಆತಂತ ನೀವು ಇಲ್ಲಿ ಅದೀರಿ. ಬರೇ ನೀರ ಕಾಸೂದಷ್ಟ ಕಲ್ತೀರೇನ ಮೇಸ್ತ್ರಿ?" ಎಂದು ಹೇಳಿ, ತನ್ನ ಕಾಲುನೋವಿನ ಗುಳಿಗೆ ತರಲು ಔಷಧಿ ಅಂಗಡಿಗೆ ನಡೆದಳು.

ಆ ಮಾತು ನಾಟಿತು. ನಾನು ಫೋನ್ ಮಾಡಲಿಲ್ಲ. ನೀರು ಕಾಯಿಸಲು ಇಟ್ಟು, ಆಕೆಯನ್ನು ಮೇಜಿನ ಮುಂದೆ ಕೂರಿಸಿ, ಪಟ್ಟಿ ಬಿಚ್ಚಿದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಮುಷ್ಟಿ ಕಟ್ಟಿದ ಗೊಂಬೆ ಹೊಸ್ತಿಲು ದಾಟಬಾರದು. ಹುಣಸೆಬೀಜದ ಅಂಟು ಇನ್ನೂ ಹಸಿ ಇರುವಾಗಲೇ ಗೊಂಬೆಯ ಬೆರಳನ್ನು ಬುಡದಿಂದ ತುದಿಯವರೆಗೆ ಹೆಬ್ಬೆರಳಿನಲ್ಲಿ ಸವರಿ ಬಿಡಿಸಬೇಕು. ಬೆರಳು ಬಿಡಿಸಿದರೇ ಕೈಗೆ ಜೀವ ಎಂದು ಅಪ್ಪ ಹೇಳುತ್ತಿದ್ದ. ಮೂರು ವಾರಗಳಿಂದ ಆ ಬಾಗಿದ ಕೈ ನೋಡಿದಾಗಲೆಲ್ಲ ನನಗೆ ಒಳಗೆ ತುರಿಕೆಯಾಗುತ್ತಿತ್ತು. ಸೊಟ್ಟಗಿದೆ, ಅದಕ್ಕೇ ಒತ್ತುತ್ತಿದೆ, ತುಸು ನೆಟ್ಟಗೆ ಮಾಡಿದರೆ ಎಲುಬು ತಪ್ಪಿಸಿಕೊಳ್ಳುತ್ತದೆ ಎಂದು ನನ್ನ ಗೊಂಬೆಯ ಕಣ್ಣು ಹೇಳಿತು.

ಸ್ಪ್ಲಿಂಟನ್ನು ನೀರಿಗೆ ಬಿಟ್ಟೆ. ಅದು ಮೆತ್ತಗಾದಾಗ ಎತ್ತಿ ಒರೆಸಿ ಕೈಯ ಮೇಲೆ ಹಾಸಿ, ಅವಳ ಮಣಿಕಟ್ಟನ್ನು ಮೇಲಕ್ಕೆ ಎತ್ತಿದೆ.

"ಬೆರಳು ಬಿಡಿಸವ್ವಾ."

"ಬಿಡಿಸಬಾರದು ಅಂದಾರಲ್ಲ ಕಾಕಾ?"

"ನಾ ಅದೀನಲ್ಲ, ಬಿಡಿಸು."

ಅವಳು ಅಂಜುತ್ತ ತುಸು ಬಿಡಿಸಿದಳು. ಉಳಿದದ್ದನ್ನು ನನ್ನ ಹೆಬ್ಬೆರಳು ಮಾಡಿತು. ನಡುಬೆರಳಿನ ಬುಡದಿಂದ ತುದಿಗೆ, ಹಸಿ ಗೊಂಬೆಗೆ ಮಾಡುವಂತೆ, ಸವರಿದೆ. ಒಳಗೆ ಏನೋ ಟಕ್ಕೆಂದಿತು. ಸದ್ದು ಕಿವಿಗೆ ಕೇಳುವಷ್ಟಿರಲಿಲ್ಲ. ನನ್ನ ಹೆಬ್ಬೆರಳಿಗೆ ತಿಳಿಯಿತು. ಈಗಲೂ ಆ ಹೆಬ್ಬೆರಳಿಗೆ ಗೊತ್ತು. ಲಕ್ವ ಹೊಡೆದ ಮೇಲೆ ಅದಕ್ಕೆ ಬಿಸಿ ತಣ್ಣಗೆ ಸರಿಯಾಗಿ ತಿಳಿಯುವುದಿಲ್ಲ, ಆದರೂ ಅದೊಂದು ಹೋಗಿಲ್ಲ.

"ಕಾಕಾ, ಏನೋ ಹರದಂಗಾತು."

"ಏನಿಲ್ಲ. ಗಾಯದ ಅಂಟು ಬಿಟ್ಟಿರಬೇಕು."

ಸ್ಪ್ಲಿಂಟನ್ನು ಮತ್ತೆ ನೀರಿಗೆ ಬಿಟ್ಟು, ಮೇಡಂ ಬರೆದಿಟ್ಟಿದ್ದ ಕೋನಗಳನ್ನು ನೋಡಿ ಮೊದಲಿನಂತೆಯೇ ಬಾಗಿಸಿದೆ. ಒತ್ತುವ ಕಡೆ ಪಟ್ಟಿ ಅಂಟಿಸಿದೆ. ಮೊದಲೇ ಅಷ್ಟು ಮಾಡಿದ್ದರೆ ಸಾಕಾಗಿತ್ತು.

"ನಡುಬೆರಳು ಮಡಚಾಕ ಬರವಲ್ದು ಕಾಕಾ," ಎಂದಳು.

"ಬಾವು ಐತಿ. ಇಳೀತೈತಿ." ಆಮೇಲೆ, ತಮಾಷೆಯೆಂಬಂತೆ, "ನಾ ಬಿಚ್ಚಿದ್ದು ಮೇಡಂ ಮುಂದ ಹೇಳಬ್ಯಾಡ ತಂಗಿ. ನನ್ನ ಕೆಲಸಕ್ಕ ಕುತ್ತು ಬರತೈತಿ," ಎಂದೆ. ಅವಳು ತಲೆಯಾಡಿಸಿದಳು. ಗುಳಿಗೆ ತಂದ ಅತ್ತೆಗೆ ಮೆತ್ತನೆಯ ಪಟ್ಟಿ ಅಂಟಿಸಿದ್ದಷ್ಟನ್ನೇ ತೋರಿಸಿದೆ.

ಆ ಹೊತ್ತಿಗೂ ಎಲ್ಲ ಮುಗಿದಿರಲಿಲ್ಲ. ಯಲಬುರ್ಗಾಕ್ಕೆ ಒಂದು ಫೋನ್ ಸಾಕಾಗಿತ್ತು. ಹರಿದ ಹುರಿಯನ್ನು ಒಂದೆರಡು ದಿನದಲ್ಲಿ ಮತ್ತೆ ಹೊಲಿಯಬಹುದು, ತಡವಾದರೆ ಒಳಗೆ ಸರಿದು ಕುಗ್ಗಿಬಿಡುತ್ತದೆ. ಇದು ನನಗೆ ಗೊತ್ತಿತ್ತು. ಮೇಡಂ ಕಲಿಯಲು ಬಂದವರಿಗೆ ಪಾಠ ಹೇಳುವಾಗ ನಾನು ಅಲ್ಲೇ ಪಟ್ಟಿ ಹೊಲಿಯುತ್ತ ಕೂತಿರುತ್ತಿದ್ದೆ. ಗೊತ್ತಿದ್ದೂ ನಾನು ಅವಳ ಕಾರ್ಡು ತೆಗೆದುಕೊಂಡು, ಸೋಮವಾರದ ತಾರೀಖು ಬರೆಯಬೇಕಾದ ಕಡೆ ಎರಡು ವಾರ ಆಚೆಯ ತಾರೀಖನ್ನು ಬರೆದೆ. ಚೆಂದದ ಅಕ್ಷರದಲ್ಲಿ.

ಸೋಮವಾರ ಮೇಡಂ, "ಕುಷ್ಟಗಿಯವರು ಬರಲಿಲ್ಲವಲ್ಲ?" ಎಂದರು.

"ಬಸ್ ಸಿಕ್ಕಿಲ್ಲೇನೋ ರೀ," ಎಂದೆ.

ಗುರುವಾರವೂ ಕೇಳಿದರು. ಊರಲ್ಲಿ ಏನೋ ಕಾರ್ಯವಂತೆ ಎಂದೆ. ಕಾರ್ಡಿನಲ್ಲಿದ್ದ ಡೇರಿಯ ನಂಬರಿಗೆ ಫೋನ್ ಮಾಡಲು ಹೇಳಿದರು. ಮಾಡಿದೆ, ಯಾರೂ ಎತ್ತಲಿಲ್ಲ ಎಂದೆ. ಮಾಡಿರಲಿಲ್ಲ.

ಆರನೇ ವಾರ ಅವರಿಬ್ಬರೂ ನಾನು ಬರೆದ ತಾರೀಖಿಗೆ ಸರಿಯಾಗಿ ಬಂದರು. ಅತ್ತೆ ಹುಲಿಗಿಯ ಗುಡಿಗೆ ಹೋಗಿ ಅಮ್ಮನ ಅರಿಸಿನ ಭಂಡಾರ ತಂದಿದ್ದಳು. ನನ್ನ ಹಣೆಗೂ ಹಚ್ಚಿದಳು. ಮೇಡಂ ಕೈಯನ್ನು ದಿಂಬಿನ ಮೇಲಿಟ್ಟು ಸ್ಪ್ಲಿಂಟ್ ಬಿಚ್ಚಿದರು. ಒಂದೊಂದೇ ಬೆರಳಿನ ನಡುಗೆಣ್ಣು ಹಿಡಿದು, "ಈಗ ತುದಿ ಮಡಚಿ," ಎಂದರು. ಉಂಗುರಬೆರಳು ಮೆಲ್ಲಗೆ ಮಡಚಿತು. ಅತ್ತೆ, "ಯವ್ವಾ, ಬಂತು ನೋಡ," ಎಂದಳು. ನಡುಬೆರಳು ಮರದಂತಿತ್ತು. ಮೇಡಂ ಇನ್ನೊಮ್ಮೆ ಹೇಳಿದರು. ಮತ್ತೊಮ್ಮೆ ಹೇಳಿದರು. ಆಮೇಲೆ ಅಂಗೈಯನ್ನು ತಮ್ಮ ಬೆರಳಿಂದ ಒತ್ತುತ್ತ ಒಳಗಿನ ಹುರಿಯನ್ನು ಹುಡುಕಿದರು. ಅದು ಸಿಗಲಿಲ್ಲ.

"ಯಾವಾಗ ಹೀಗಾಯಿತು? ಸ್ಪ್ಲಿಂಟ್ ಬಿಚ್ಚಿದ್ದಿರಾ?"

ನಾನು ಮೇಜಿನ ಆಚೆ, ಪಟ್ಟಿಯ ಸುರುಳಿ ಹಿಡಿದು ನಿಂತಿದ್ದೆ. ಆಕೆ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಹೇಳಲೋ ಬೇಡವೋ ಎಂದು ಕೇಳಿದಂತಿತ್ತು. ನಾನು ಹೇಳಬೇಕಾಗಿದ್ದ ಮಾತು ಎರಡೇ: ಬಿಚ್ಚಿದವನು ನಾನು. ನಾನು ಕಣ್ಣು ತಗ್ಗಿಸಿ ಸುರುಳಿಯನ್ನು ಬಿಗಿಯಾಗಿ ಸುತ್ತತೊಡಗಿದೆ.

"ನಾನ ಬಿಚ್ಚಿದ್ದೆ ರೀ," ಎಂದಳು ಆಕೆ. "ಎಮ್ಮಿ ಹಿಂಡಾಕ."

ಕೋಣೆಯಲ್ಲಿ ಮೊದಲು ಮಾತಾಡಿದವಳು ಅತ್ತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಟು ಕಟ್ಟಿದ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, "ಇವು ಇದ್ದಿದ್ದಿಲ್ಲೇನ ನಿನಗ?" ಎಂದಳು. "ಮುಂಜಾನಿ ಸಂಜಿ ನೀರಾಗ ಇಟಗೊಂಡು ಹಿಂಡೀನಿ. ನಾ ಸರಿ ಹಿಂಡವಲ್ಲೆ ಅಂತ ಕದ್ದು ಹಿಂಡಿದ್ಯಾ? ನನ್ನ ಕೈ ಮ್ಯಾಲ ಇಷ್ಟೂ ನಂಬಿಗಿ ಬರಲಿಲ್ಲೇನ ನಿನಗ?"

ಮೇಡಂ ಕೇಸ್ ಶೀಟ್ ಎಳೆದುಕೊಂಡು ಬರೆದರು. 'ರೋಗಿ ಸೂಚನೆ ಮೀರಿ ಸ್ಪ್ಲಿಂಟ್ ತೆಗೆದು ಹಾಲು ಕರೆದಿದ್ದಾರೆ.' ಬರೆದು, ಪೆನ್ನು ಇಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ನಾನೇ ಒಮ್ಮೆ ನಿಮ್ಮ ಊರಿಗೆ ಬಂದು ನೋಡಬೇಕಿತ್ತು," ಎಂದರು.

ಹೊಲಿದ ಡಾಕ್ಟರು ನೋಡಿ, ಈಗ ಇಲ್ಲಿ ಆಗುವುದಿಲ್ಲ ಎಂದರು. ದೊಡ್ಡ ಆಸ್ಪತ್ರೆಯಲ್ಲಿ ತಿಂಗಳುಗಳ ಅಂತರದಲ್ಲಿ ಎರಡು ಆಪರೇಷನ್ ಮಾಡಬೇಕು, ಅದಾದ ಮೇಲೂ ಖಾತ್ರಿ ಇಲ್ಲ. ಆಕೆ ಬೇಡವೆಂದಳು. ಅಷ್ಟು ದಿನ ಎಮ್ಮೆಗಳು ಕಾಯುವುದಿಲ್ಲ.

ವರಾಂಡದಲ್ಲಿ ಅತ್ತೆ ಮುಂದೆ ಹೋದಾಗ ನಾನು ಅವಳನ್ನು ನಿಲ್ಲಿಸಿದೆ. "ಯಾಕ ಹಂಗಂದಿ?"

"ನೀವ ಹೇಳಬ್ಯಾಡ ಅಂದಿದ್ರಲ್ಲ ಕಾಕಾ," ಎಂದಳು. "ನಿಮ್ಮ ಕೆಲಸ ಹೋಗತೈತಿ. ನಂದರ ಒಂದ ಬೆರಳು."

ಮೇಡಂ ಅವಳನ್ನು ಕೈಬಿಡಲಿಲ್ಲ. ಕೇಸ್ ಶೀಟಿನಲ್ಲಿ ಮೊದಲಿನ ಗುರಿಯನ್ನು ಹೊಡೆದು 'ಒಂದು ಕೈಯಿಂದ ಹಾಲು ಕರೆಯುವುದು' ಎಂದು ಬರೆದರು. ನೆಟ್ಟಗೆ ನಿಂತ ಬೆರಳು ಕೆಚ್ಚಲಿಗೆ ಚುಚ್ಚುತ್ತದೆ, ಎಮ್ಮೆ ಒದೆಯುತ್ತದೆ. ಆದ್ದರಿಂದ ಎಡಗೈಯನ್ನು ದೂರ ಇಡಬೇಕು, ಚರಿಗೆಯನ್ನು ಮೊಣಕಾಲುಗಳ ನಡುವೆ ಹಿಡಿಯಬೇಕು, ಬಲಗೈ ಸೋಲುವ ಮೊದಲೇ ವಿರಾಮ ಕೊಡಬೇಕು. ನಾನು ಮಾಡಿದ ಆ ಬಾಲದ ಚೌಕಟ್ಟಿನ ಮುಂದೆ ಕೂರಿಸಿ ಕಲಿಸಿದರು. ನಾನು ಕೈಗವಸಿಗೆ ನೀರು ತುಂಬಿಸಿ ತುಂಬಿಸಿ ಕೊಟ್ಟೆ. ಬಾಲದ ಬಗ್ಗೆ ಯಾರೂ ತಮಾಷೆ ಮಾಡಲಿಲ್ಲ.

ಎರಡು ವರ್ಷದ ಮೇಲೆ ಮೇಡಂ ತಮ್ಮ ಊರ ಕಡೆಯ ಆಸ್ಪತ್ರೆಗೆ ಹೊರಟರು. ಕೊನೆಯ ದಿನ ಕಪಾಟು ಖಾಲಿ ಮಾಡುತ್ತಿದ್ದಾಗ ಅವರಿಗೆ ಎಲ್ಲ ಹೇಳಿದೆ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ಕೇಳಿದ್ದು, "ಮಣಿಕಟ್ಟನ್ನು ಎಷ್ಟು ಎತ್ತಿದಿರಿ?" ನನ್ನ ಕೈಯಿಂದಲೇ ತೋರಿಸಿದೆ. "ಬೆರಳನ್ನು ಯಾವ ಕಡೆಯಿಂದ ಒತ್ತಿದಿರಿ?" ಅದನ್ನೂ ತೋರಿಸಿದೆ. ಆಮೇಲೆ ಎದ್ದು ದಾಖಲೆ ಕೋಣೆಗೆ ಹೋಗಿ ಆ ಕೇಸ್ ಶೀಟನ್ನು ಹುಡುಕಿ ತಂದರು. 'ರೋಗಿ ಸೂಚನೆ ಮೀರಿ' ಎಂಬ ಸಾಲಿಗೆ ಒಂದೇ ಗೆರೆ ಎಳೆದು, ಕೆಳಗೆ ನಡೆದದ್ದನ್ನು ನಡೆದಂತೆ ಬರೆದು, ತಾರೀಖು ಹಾಕಿ ಸಹಿ ಮಾಡಿದರು.

"ನೀವೂ ಸಹಿ ಮಾಡಿ ಮೇಸ್ತ್ರೀ."

ಮಾಡಿದೆ. "ತಪ್ಪಾತ್ರಿ ಮೇಡಂ, ಕ್ಷಮಿಸಿಬಿಡ್ರಿ," ಎಂದೆ.

"ಕಾಗದ ಸರಿಯಾಯಿತು," ಎಂದರು. "ಆದರೆ ಕೈ ನನ್ನದಲ್ಲವಲ್ಲ."

ಆ ತಿಂಗಳೇ ಅವಳ ಊರಿಗೆ ಹೋದೆ. ಮೂರು ಎಮ್ಮೆಗಳಲ್ಲಿ ಒಂದು ಉಳಿದಿತ್ತು. ಆಕೆ ಅದರ ಮಗ್ಗುಲಲ್ಲಿ ಕೂತು, ಚರಿಗೆಯನ್ನು ಮೊಣಕಾಲಲ್ಲಿ ಹಿಡಿದು ಬಲಗೈಯಿಂದ ಹಿಂಡುತ್ತಿದ್ದಳು. ಎಡಗೈ ದೂರ, ತೊಡೆಯ ಮೇಲಿತ್ತು. ಮೇಡಂ ಕಲಿಸಿದ್ದಂತೆಯೇ. ಅತ್ತೆಯನ್ನು ಕೇಳಿದೆ. ತೀರಿಕೊಂಡು ಆರು ತಿಂಗಳಾಗಿತ್ತು.

"ಕಡೀತನಕ ಅದ ಮಾತು ಕಾಕಾ," ಎಂದಳು. "ಸಿಟ್ಟ ಬಂದಾಗೆಲ್ಲ, ನನ್ನ ಕೈ ನಂಬಲಿಲ್ಲ ನೀನು ಅಂತಿದ್ಲು."

ಈಗ ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯವಳು ಬಂದು ಯಾರು ಇವರು ಎಂದಳು. "ಇವ್ರು ಕೊಪ್ಪಳದ ದವಾಖಾನಿ ಕಾಕಾ. ನನ್ನ ಕೈಗೆ ಭಾಳ ಮಾಡ್ಯಾರ," ಎಂದಳು ಆಕೆ. ಆ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಅವಳ ಮುಖ ನೋಡಿದೆ. ಇರಲಿಲ್ಲ. ಗೋಡೆಯ ಮಾಡದಲ್ಲಿ ನನ್ನ ಗಿಣಿ ಗೊಂಬೆ ಕೂತಿತ್ತು. ನೊರೆಹಾಲು ಕೊಟ್ಟಳು. ಕುಡಿದೆ. ಬಸ್ಸಿನ ಹಾರ್ನ್ ಕೇಳಿತು. ಬರ್ತೀನವ್ವಾ ಎಂದು ಎದ್ದುಬಿಟ್ಟೆ. ಇನ್ನೊಂದು ಬಸ್ಸು ಸಂಜೆಗೆ ಇತ್ತು. ನನಗದು ಗೊತ್ತಿತ್ತು.

ಥೆರಪಿಸ್ಟ್ ಹುಡುಗಿ ದಿನವೂ ನೋಟ್‌ಬುಕ್ಕನ್ನು ನೋಡುತ್ತಾಳೆ. ಓದುವುದಿಲ್ಲ, ಅಕ್ಷರ ಎಷ್ಟು ನಡುಗಿದೆ ಎಂದಷ್ಟೇ ನೋಡುತ್ತಾಳೆ. ನಿನ್ನೆ, "ಒಂದ ಕಡೆ ಭಾಳ ನಡಗೈತಿ ಅಜ್ಜಾರ, ಅವತ್ತ ಆರಾಮ ಇದ್ದಿದ್ದಿಲ್ಲೇನು?" ಎಂದಳು. ಅದು ಕಾರ್ಡಿನಲ್ಲಿ ಸುಳ್ಳು ತಾರೀಖು ಹಾಕಿದ್ದನ್ನು ಬರೆದ ಪುಟ.

ಇಷ್ಟೂ ದಿನ ನಾನು 'ಆಕೆ' ಎಂದೇ ಬರೆದೆ. ಕೇಸ್ ಶೀಟಿನಲ್ಲಿ, ಕಾರ್ಡಿನಲ್ಲಿ ಅವಳ ಹೆಸರನ್ನು ಎಷ್ಟೋ ಸಲ ಚೆಂದದ ಅಕ್ಷರದಲ್ಲಿ ಬರೆದ ಕೈ ಇದು. ಇವತ್ತಿಗೆ ಇನ್ನೊಂದು ಸಾಲು ಉಳಿದಿದೆ. ನನ್ನ ಕೆಲಸ ಉಳಿಸಲು ಸುಳ್ಳು ಹೇಳಿ, ಅತ್ತೆಯ ಮುನಿಸು ಹೊತ್ತು, ಒಂದು ಬೆರಳು ಕಳೆದುಕೊಂಡು, ನನಗೆ ಹಾಲು ಕೊಟ್ಟು ಕಳಿಸಿದವಳು, ತಪ್ಪಾಯಿತು ಎಂದು ನಾನು ಇನ್ನೂ ಹೇಳದೇ ಉಳಿದಿರುವವಳು ಹುಲಿಗೆವ್ವ.